ಸೊನ್ನೆ ನಂಬರಿನ ಕೋಣೆ

2039ರ ಮಾರ್ಚ್ 14, ಸೋಮವಾರ, ಬೆಳಿಗ್ಗೆ 7 ಗಂಟೆ 42 ನಿಮಿಷಕ್ಕೆ ಗುರುಪಾದ ತನ್ನ ಮನೆಯ ಬಚ್ಚಲುಮನೆಯ ಬಾಗಿಲಲ್ಲಿ ನಿಂತು ಒಂದೇ ಒಂದು ಶಬ್ದ ನುಡಿದ. ಆಮೇಲೆ ಅಲ್ಲೇ ಗೋಡೆಗೆ ಆನಿಸಿಟ್ಟಿದ್ದ ಸ್ಟೂಲಿನ ಮೇಲೆ ಕುಳಿತುಕೊಂಡ. ಮತ್ತೆ ಏಳಲಿಲ್ಲ.

ಅವನ ತಂಗಿ ನೀಲಾಂಬಿಕಾಳಿಗೆ ಫೋನ್ ಬಂದಾಗ ಎಂಟೂವರೆಯಾಗಿತ್ತು. ಅವಳು ಪುಣೆಯಲ್ಲಿ ಐದು ವಾರ ಕಳೆದು ಹಿಂದಿನ ಸಂಜೆಯಷ್ಟೇ ಹುಬ್ಬಳ್ಳಿಗೆ ಮರಳಿದ್ದಳು. ಚೀಲವನ್ನು ಇನ್ನೂ ಬಿಚ್ಚಿರಲಿಲ್ಲ. ಫೋನ್ ಮಾಡಿದವಳು ಅಣ್ಣನ ಹೆಂಡತಿ ಕಸ್ತೂರಿ. ಕಸ್ತೂರಿ ವೈನಿ ಸಣ್ಣಪುಟ್ಟದ್ದಕ್ಕೆಲ್ಲ ಗಾಬರಿಯಾಗುವ ಹೆಂಗಸಲ್ಲ. ಗಂಡ ಮೆದುಳು ಜ್ವರದಲ್ಲಿ ಎಚ್ಚರವಿಲ್ಲದೆ ಮಲಗಿದ್ದಾಗಲೂ ಆಸ್ಪತ್ರೆಯ ಕ್ಯಾಂಟೀನಿನವನ ಜೊತೆ ಉಪ್ಪಿಟ್ಟಿಗೆ ಉಪ್ಪು ಸಾಲದೆಂದು ಜಗಳ ತೆಗೆದಿದ್ದವಳು. ಅವಳ ದನಿ ನಡುಗುವುದನ್ನು ನೀಲಾ ಅಂದೇ ಮೊದಲು ಕೇಳಿದಳು.

"ನೀಲಾ, ಲಗೂನ ಬಾ. ನಿಮ್ಮಣ್ಣ ಕುಂತಲ್ಲೇ ಕುಂತಾರ. ಕಣ್ಣು ತೆರದಾವ, ಉಸಿರು ಆಡತೈತಿ. ಆದ್ರ ಮನ್ಯಾಗ ಇಲ್ಲ ಅವ್ರು."

ನೀಲಾ ಹೋಗಿ ನೋಡಿದಾಗ ಗುರುಪಾದನ ಹೆಗಲ ಮೇಲೆ ಒದ್ದೆ ಟವೆಲ್ ಹಾಗೇ ಇತ್ತು. ಕ್ಯಾಮೆರಾ ಕೂರಿಸಿದ ಕನ್ನಡಕ ಮೂಗಿನ ಮೇಲಿತ್ತು; ಎರಡೂ ಕಿವಿಯಲ್ಲಿ ಯಂತ್ರ ಇತ್ತು. ಕಣ್ಣುಗಳು ಮಾತ್ರ ಒಂದು ಕಡೆ ನಿಲ್ಲುತ್ತಿರಲಿಲ್ಲ. ಕರೆಂಟು ಹೋದ ಮನೆಯಲ್ಲಿ ಕಡ್ಡಿಪೆಟ್ಟಿಗೆ ಹುಡುಕುವವನ ಹಾಗೆ ಅವು ಅತ್ತಿತ್ತ ತಡಕಾಡುತ್ತಿದ್ದವು. ಬೆಳಗಿನ ಬಿಸಿಲು ಅವನ ಮುಖದ ಮೇಲೇ ಬಿದ್ದಿತ್ತು. ವೈನಿ ಹೆಸರು ಹಿಡಿದು ಕೂಗಿದಳು, ಭುಜ ಹಿಡಿದು ಅಲುಗಿಸಿದಳು, ಚಹದ ಬಟ್ಟಲನ್ನು ತುಟಿಗೆ ಹಚ್ಚಿದಳು. ಚಹ ಗದ್ದದ ಮೇಲೆ ಇಳಿದುಹೋಯಿತು. ಅವನಿಗೆ ಅವಳು ಅಲ್ಲಿ ಇರುವುದೇ ತಿಳಿಯುತ್ತಿರಲಿಲ್ಲ.

ನೀಲಾ ಬಗ್ಗಿ, ಮೆಲ್ಲಗೆ, ಅಣ್ಣಾ ಎಂದಳು.

ಅವನು ತಟ್ಟನೆ ತಿರುಗಿದ. ಗುರುತು ಹಿಡಿದ. ಅವನ ಮುಖದಲ್ಲಿ ಸಂಕಟ ಮೂಡಿತು.

"ನೀಲಾ," ಎಂದ ಅವನು. "ನೀ ಯಾವಾಗ ಸತ್ತಿ?"

*

ಇದಕ್ಕೆಲ್ಲ ಮೂಲ ಏನೆಂದು ಹೇಳಬೇಕಾದರೆ ನಲವತ್ತನಾಲ್ಕು ವರ್ಷ ಹಿಂದಕ್ಕೆ ಹೋಗಬೇಕು. 1995ರಲ್ಲಿ ಗುರುಪಾದನಿಗೆ ಇಪ್ಪತ್ತು ವರ್ಷ. ಬಿ.ಎಸ್‌ಸಿ. ಮುಗಿಸಿ ದುರ್ಗದಬೈಲಿನ ಹತ್ತಿರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದ. ಅಲ್ಲಿಗೆ ಯಾರೋ ಒಂದು ಫ್ಲಾಪಿ ತಂದರು. ಅದರಲ್ಲಿ ಪರದೇಶದ ಒಂದು ಸಾಹಸದ ಆಟ. ಚಿತ್ರ ಹೆಚ್ಚಿಲ್ಲ, ಪರದೆಯ ಮೇಲೆ ನಾಲ್ಕು ಸಾಲು ಬರುತ್ತವೆ. ನೀನು ಇಂಥ ಕೋಣೆಯಲ್ಲಿದ್ದೀಯ, ಇಲ್ಲಿ ಒಂದು ದೀಪ ಇದೆ, ಉತ್ತರಕ್ಕೆ ದಾರಿ ಇದೆ. ಆಡುವವನು ‘ದೀಪ ತಗೋ’, ‘ಉತ್ತರಕ್ಕೆ ಹೋಗು’ ಎಂದು ಟೈಪ್ ಮಾಡುತ್ತ ಮುಂದೆ ಸಾಗಬೇಕು. ಹದಿನಾಲ್ಕು ವರ್ಷದ ನೀಲಾ ಶಾಲೆ ಬಿಟ್ಟವಳೇ ಅಲ್ಲಿ ಬಂದು ಕೂರುತ್ತಿದ್ದಳು. ಇಬ್ಬರೂ ಸೇರಿ ಆಟ ಮುಗಿಸಿದರು. ಮುಗಿದ ಮೇಲೆ ಆಡಲು ಬೇರೆ ಆಟ ಇರಲಿಲ್ಲ.

ಆಗ ಗುರುಪಾದ ಆ ಆಟದ ಕಡತವನ್ನೇ ಕೊಯ್ದು ನೋಡಲು ಕುಳಿತ. ಯಾವ ಅಂಕಿ ಬದಲಿಸಿದರೆ ಯಾವ ಬಾಗಿಲು ಎಲ್ಲಿಗೆ ತೆರೆದುಕೊಳ್ಳುತ್ತದೆ ಎಂದು ಒಂದೊಂದನ್ನೇ ತಿದ್ದಿ, ಆಡಿ, ಗುರುತು ಮಾಡಿದ. ಮಳೆಗಾಲ ಕಳೆಯುವಷ್ಟರಲ್ಲಿ ಯಾರು ಬೇಕಾದರೂ ಅಂಥ ಆಟ ಕಟ್ಟಬಹುದಾದ ಒಂದು ಉಪಕರಣವನ್ನೇ ಬರೆದು ಮುಗಿಸಿದ. ಪ್ರತಿ ಆಟವೂ ಮನೆಯ ನಡುಕೋಣೆಯಿಂದ ಶುರುವಾಗಬೇಕೆಂದು ನೀಲಾ ಹಟ ಹಿಡಿದಿದ್ದರಿಂದ ಅದಕ್ಕೆ ‘ಪಡಸಾಲಿ’ ಎಂದು ಹೆಸರಿಟ್ಟರು. ಫ್ಲಾಪಿಯಿಂದ ಫ್ಲಾಪಿಗೆ ದಾಟಿ ಅದು ಧಾರವಾಡ, ಗದಗ, ಬೆಳಗಾವಿಯವರೆಗೆ ಹೋಯಿತು. ಬಳಸಿದವರೆಲ್ಲ ಸೇರಿ ಒಂದು ಬಸ್ಸು ತುಂಬುವಷ್ಟು ಜನ ಇದ್ದಿರಬಹುದು. ಅವರೆಲ್ಲ ಈಗ ಅಜ್ಜ ಅಜ್ಜಿಯರಾಗಿದ್ದಾರೆ.

ಪಡಸಾಲಿಯ ಲೆಕ್ಕ ಸರಳ. ಕೋಣೆಗಳಿಗೆ ಒಂದರಿಂದ ಇನ್ನೂರೈವತ್ತೈದರವರೆಗೆ ನಂಬರು. ಒಂದೊಂದು ಕೋಣೆಗೂ ನಾಲ್ಕು ದಿಕ್ಕು. ಒಂದೊಂದು ದಿಕ್ಕಿಗೂ ಆ ಕಡೆ ಯಾವ ಕೋಣೆ ಇದೆ ಎಂಬ ಅಂಕಿ. ಸೊನ್ನೆ ಎಂದರೆ ಆ ಕಡೆ ದಾರಿ ಇಲ್ಲ. ಒಂದೊಂದು ವಸ್ತುವಿಗೂ ಅದು ಎಲ್ಲಿದೆ ಎಂಬ ನಂಬರು, ಎಷ್ಟು ಭಾರ ಎಂಬ ಅಂಕಿ. ಆಡುವವನು ಒಟ್ಟು ನೂರರಷ್ಟು ಭಾರ ಹೊರಬಹುದು. ಯಾವುದನ್ನು ಎತ್ತಿಕೊಂಡು ಹೋಗಬಾರದೋ ಅದಕ್ಕೆ 255 ಎಂದು ಬರೆಯುವುದು ಕಟ್ಟುವವರ ವಾಡಿಕೆ. ಅಳಿಸುವುದು ಎಂಬುದು ಮಾತ್ರ ಅದರಲ್ಲಿ ಇರಲೇ ಇಲ್ಲ. ಮುರಿದ ಕೋಲು, ಉರಿದುಹೋದ ದೀಪ, ಸತ್ತ ಕಾವಲುಗಾರ, ಯಾವುದೇ ಆದರೂ ಆಟದಿಂದ ತೆಗೆಯಬೇಕೆಂದರೆ ಅದನ್ನು ಸೊನ್ನೆ ನಂಬರಿನ ಕೋಣೆಗೆ ಕಳಿಸುತ್ತಿದ್ದರು. ಅಂಥ ಕೋಣೆ ಇರಲಿಲ್ಲ. ಅದಕ್ಕೆ ವರ್ಣನೆ ಇಲ್ಲ, ಬಾಗಿಲಿಲ್ಲ. ಯಾರೂ ಅಲ್ಲಿಗೆ ಹೋಗುವುದಿಲ್ಲ ಎಂಬ ನಂಬಿಕೆಯ ಮೇಲೆ ಎಲ್ಲವೂ ನಿಂತಿತ್ತು.

ಇನ್ನೊಂದಿತ್ತು. ಆಟ ಕಟ್ಟುವಾಗ ಹತ್ತು ಬಾಗಿಲು ದಾಟಿ ಹೋಗಿ ಪರೀಕ್ಷಿಸುವುದು ಬೇಸರದ ಕೆಲಸ. ಅದಕ್ಕೆಂದು ಗುರುಪಾದ ‘ಜಿಗಿ’ ಎಂಬ ಗುಟ್ಟಿನ ಆದೇಶ ಇಟ್ಟಿದ್ದ. ಜಿಗಿ ಎಂದು ಕೋಣೆಯ ನಂಬರು ಕೊಟ್ಟರೆ ನೇರವಾಗಿ ಅಲ್ಲಿಗೆ ಹೋಗಬಹುದಿತ್ತು.

*

ಮೂರು ವರ್ಷದ ಹಿಂದೆ ಬಂದ ಮೆದುಳು ಜ್ವರ ಗುರುಪಾದನ ಹಿಪೊಕ್ಯಾಂಪಸ್ಸನ್ನು ತಿಂದುಹಾಕಿತ್ತು. ಮೆದುಳಿನ ಆ ಭಾಗದಲ್ಲಿ ಜಾಗದ ಗುರುತು ಹಿಡಿಯುವ ಕೋಶಗಳಿವೆ. ಅಡಿಗೆಮನೆಯಲ್ಲಿದ್ದಾಗ ಕೆಲವು ಮಿಡಿಯುತ್ತವೆ, ಅಂಗಳದಲ್ಲಿದ್ದಾಗ ಬೇರೆ ಕೆಲವು. ಆ ಮಿಡಿತವೇ ‘ನಾನು ಇಲ್ಲಿದ್ದೇನೆ’ ಎಂಬ ಅರಿವು. ಗುರುಪಾದನಿಗೆ ಜನರ ಗುರುತು ಸಿಗುತ್ತಿತ್ತು, ಲೆಕ್ಕ ಬರುತ್ತಿತ್ತು, ಹಳೆಯದೆಲ್ಲ ನೆನಪಿತ್ತು. ತಾನೆಲ್ಲಿದ್ದೇನೆ ಎಂಬುದೊಂದು ತಿಳಿಯುತ್ತಿರಲಿಲ್ಲ. ಬಚ್ಚಲಿಗೆಂದು ಹೊರಟವನು ಬೀದಿಯಲ್ಲಿ ನಿಂತಿರುತ್ತಿದ್ದ.

ನೀಲಾ ಆಗಲೇ ಉಣಕಲ್ ಕೆರೆಯ ಆಚೆಗಿನ ಒಂದು ಪ್ರಯೋಗಾಲಯದಲ್ಲಿ ನರವಿಜ್ಞಾನದ ಕೆಲಸದಲ್ಲಿದ್ದಳು. ಅವಳೂ ಶಸ್ತ್ರವೈದ್ಯ ಇಮ್ತಿಯಾಜ್ ನದಾಫರೂ ಸೇರಿ ಮೆದುಳಿನಲ್ಲಿ ಅಳಿದುಳಿದ ನರಗಳಿಗೆ ಎಂಟು ತಂತಿ ಇಳಿಸುವ ಸಾಧನ ರೂಪಿಸಿದರು. ಒಂದೊಂದು ತಂತಿಯೂ ಮಿಡಿಯುತ್ತದೆ ಅಥವಾ ಸುಮ್ಮನಿರುತ್ತದೆ. ಎಂಟು ತಂತಿಗಳಿಂದ ಆಗುವ ಮಾದರಿಗಳು ಇನ್ನೂರೈವತ್ತಾರು. ಇವತ್ತಿನ ನಕ್ಷೆಗಳು ಲಕ್ಷಗಟ್ಟಲೆ ಬಿಂದುಗಳವು. ಅವನ್ನು ಆ ಎಂಟು ತಂತಿಯಲ್ಲಿ ತುರುಕುವುದು ಸಾಧ್ಯವಿರಲಿಲ್ಲ. ಇನ್ನೂರೈವತ್ತೈದು ಕೋಣೆಯ ನಕ್ಷೆ ಯಾವುದೆಂದು ನೀಲಾ ಯೋಚಿಸಬೇಕಾಗಿಯೇ ಬರಲಿಲ್ಲ.

ಹೀಗೆ ಪಡಸಾಲಿ ಗುರುಪಾದನ ತಲೆಯೊಳಗೆ ಹೋಯಿತು. ಕ್ಯಾಮೆರಾ ಕೋಣೆಯನ್ನು ಗುರುತಿಸುತ್ತಿತ್ತು, ತಂತಿಗಳು ಅದರ ನಂಬರನ್ನು ಮಿಡಿಯುತ್ತಿದ್ದವು, ಕಿವಿಯ ಯಂತ್ರ ಅಲ್ಲಿ ಏನೇನಿದೆ, ಯಾವ ದಿಕ್ಕಿಗೆ ದಾರಿ ಇದೆ ಎಂದು ಪಿಸುಗುಟ್ಟುತ್ತಿತ್ತು. ಗದ್ದಲದಲ್ಲಿ ಅವನು ಗಲಿಬಿಲಿಗೊಳ್ಳುತ್ತಿದ್ದರಿಂದ, ಅದೇ ಕೋಣೆಯಲ್ಲಿ ಇರುವವರ ದನಿಯನ್ನಷ್ಟೇ ಒಳಬಿಟ್ಟು ಉಳಿದದ್ದನ್ನು ತಡೆಯುತ್ತಿತ್ತು. ಮೂವತ್ತು ದಿನ ಕಣ್ಣಿಗೆ ಬೀಳದ ವಸ್ತುವನ್ನೂ ಮನುಷ್ಯರನ್ನೂ ತಾನಾಗಿ ಸೊನ್ನೆಗೆ ಕಳಿಸುತ್ತಿತ್ತು. ಇಲ್ಲದ್ದನ್ನು ಹುಡುಕುತ್ತ ಅವನು ದಣಿಯಬಾರದಲ್ಲ. ಒಂದು ವರ್ಷದಲ್ಲಿ ಅವನ ಮೆದುಳು ಇದನ್ನು ಕಲಿತುಬಿಟ್ಟಿತು. ‘ಉತ್ತರ’ ಎಂದು ತನಗೆ ತಾನೇ ಹೇಳಿಕೊಂಡು, ಬಾಗಿಲು ದಾಟಿ, ಪಡಸಾಲೆಗೆ ಬಂದು ಚಹ ಕುಡಿಯುತ್ತಿದ್ದ. ಅವನು ಮೊದಲ ಸಲ ಹಾಗೆ ಬಂದ ದಿನ ವೈನಿ ಓಣಿಗೆಲ್ಲ ಗೋಧಿ ಹುಗ್ಗಿ ಹಂಚಿದ್ದಳು.

*

ಗುರುಪಾದನನ್ನು ಎತ್ತಿಕೊಂಡು ಹೋಗಿ ಪ್ರಯೋಗಾಲಯದಲ್ಲಿ ಮಲಗಿಸಿದ ಮೇಲೆ, ನದಾಫರು ಅವನ ಯಂತ್ರದಲ್ಲಿ ದಾಖಲಾಗಿದ್ದ ಧ್ವನಿಯನ್ನು ಹಾಕಿದರು. 7 ಗಂಟೆ 42 ನಿಮಿಷ. ಬಚ್ಚಲಿನ ನಲ್ಲಿ ನಿಂತ ಸದ್ದು. ಮೊಣಕಾಲು ನೋವಿಗೆ ಒಂದು ನರಳು. ಆಮೇಲೆ ಗುರುಪಾದನ ದನಿ, ತುಸು ನಗು ಬೆರೆತದ್ದು.

"ಜಿಗಿ."

ಬಚ್ಚಲಿನಿಂದ ಪಡಸಾಲೆಗೆ ಮೂರು ಬಾಗಿಲು. ಮೊಣಕಾಲು ನೋಯುತ್ತಿದ್ದ ಮುದುಕನಿಗೆ ತಾನೇ ಇಟ್ಟಿದ್ದ ಅಡ್ಡದಾರಿ ನೆನಪಾಗಿತ್ತು. ನಂಬರು ಮಾತ್ರ ನಾಲಿಗೆಗೆ ಬರಲಿಲ್ಲ. ಪ್ರೋಗ್ರಾಮು ಹತ್ತು ಸೆಕೆಂಡು ಕಾದು, ಖಾಲಿ ಬಿಟ್ಟದ್ದನ್ನು ಸೊನ್ನೆ ಎಂದು ತೆಗೆದುಕೊಂಡಿತ್ತು. ಹಿಂದೆಯೂ ಹೀಗಾಗುತ್ತಿತ್ತು. ಆಗ ಕಂಪ್ಯೂಟರ್ ಅಲ್ಲಾಡದೆ ನಿಂತುಬಿಡುತ್ತಿತ್ತು. ಆರಿಸಿ ಹೊತ್ತಿಸಿದರೆ ಮುಗಿಯಿತು. ಜಿಗಿದವನಿಗೆ ತೊಂದರೆಯಾಗದಿರಲೆಂದು, ಅವನು ಮುಂದಿನ ಬಾಗಿಲು ದಾಟುವವರೆಗೆ ಪ್ರೋಗ್ರಾಮು ಹೊರಗಿನಿಂದ ಬರುವ ಏನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಈಗ ಹೊರಗಿನದು ಎಂದರೆ ಕ್ಯಾಮೆರಾ. ಬಿಸಿಲು, ಬಚ್ಚಲು, ಹೆಂಡತಿ ಯಾವುದೂ ಅವನಿಗಿರಲಿಲ್ಲ.

"ಇಪ್ಪತ್ತನೇ ಶತಮಾನದ ಚಿಲಕ ತಂದು ಮನುಷ್ಯಾನ ತಲಿಗೆ ಹಚ್ಚೀರಿ ನೋಡ್ರಿ, ಮೇಡಂ," ಎಂದರು ನದಾಫರು. ಅದರಲ್ಲಿ ಕಹಿ ಇರಲಿಲ್ಲ. ಹೆದರಿದಾಗ ಅವರು ಹಾಗೇ ಮಾತಾಡುತ್ತಿದ್ದರು.

ಆರಿಸಿ ಹೊತ್ತಿಸೋಣ ಎಂದಳು ನೀಲಾ. ಆರಿಸಿದರು. ಕಿವಿಯ ಪಿಸುಮಾತು ನಿಂತಿತು, ಎಂಟು ತಂತಿಗಳೂ ಸುಮ್ಮನಾದವು. ಗುರುಪಾದ ಮೊಣಕಾಲನ್ನು ಎದೆಗೆ ಎಳೆದುಕೊಂಡು ಮುದುಡಿದ. ಎಲ್ಲರೂ ಹೋದರು, ಎಲ್ಲರೂ ಹೋದರು ಎಂದು ಸಣ್ಣ ದನಿಯಲ್ಲಿ ಅಳತೊಡಗಿದ. ಆಗ ನೀಲಾಳಿಗೆ ಹೊಳೆಯಿತು. ಎಂಟೂ ತಂತಿ ಸುಮ್ಮನಿರುವುದೂ ಒಂದು ಮಾದರಿಯೇ. ಜ್ವರದಿಂದ ಎದ್ದ ಹೊಸತರಲ್ಲಿ ಅದು ಬರೀ ಮೌನವಾಗಿತ್ತು. ವರ್ಷಗಟ್ಟಲೆ ಕಲಿತ ಮೇಲೆ ಅವನ ಮೆದುಳು ಮೌನವನ್ನೂ ಒಂದು ಜಾಗ ಎಂದು ಕಲಿತಿತ್ತು. ಯಂತ್ರ ಆರಿಸುವುದೆಂದರೆ ಅವನನ್ನು ಅದೇ ಕೋಣೆಯಲ್ಲಿ ಒಬ್ಬನೇ ಕೂಡಿಹಾಕಿದ ಹಾಗೆ.

ಗಡಿಬಿಡಿಯಿಂದ ಮತ್ತೆ ಹೊತ್ತಿಸಿದರೆ ಪ್ರೋಗ್ರಾಮು ತಾನು ನಿಂತಿದ್ದ ಸೊನ್ನೆಯಿಂದಲೇ ಮುಂದುವರಿಯಿತು. ಆಗ ಪಡಸಾಲೆಯ ಮಾದರಿಯನ್ನು ಹೊರಗಿನಿಂದಲೇ ತಂತಿಗಳಿಗೆ ಕಳಿಸಿ ನೋಡಿದರು. ಒಂದು ಕ್ಷಣ ಏನೂ ಆಗಲಿಲ್ಲ. ಮರುಕ್ಷಣ ಅವನ ಬೆನ್ನು ಬಿಲ್ಲಿನಂತೆ ಬಾಗಿ, ಹಲ್ಲು ಕಚ್ಚಿ, ಬಾಯಲ್ಲಿ ನೊರೆ ಬಂತು. ನದಾಫರು ಸೂಜಿ ಚುಚ್ಚಿದರು. ಬೆಳಗಿನ ಆ ಮೌನ ಬಿಟ್ಟರೆ, ಬಾಗಿಲು ದಾಟದೆ ಕೋಣೆ ಬದಲಾಗುವುದನ್ನು ಆ ಮೆದುಳು ಒಂದು ದಿನವೂ ಕಂಡಿರಲಿಲ್ಲ. ಕೊಟ್ಟದ್ದನ್ನು ಅದು ಉಗುಳಿತ್ತು. ಸೆಳವು ನಿಂತ ಮೇಲೆ ತಂತಿಗಳ ಸುತ್ತ ರಕ್ತ ಒಸರಿಲ್ಲವೆಂದು ಖಾತ್ರಿ ಮಾಡಿಕೊಂಡು, ನದಾಫರು ಕೈ ತೊಳೆಯುತ್ತ, ಇನ್ನೊಮ್ಮೆ ಹೀಗಾದರೆ ಹೊರಗೆ ಕರೆಯಲು ಒಳಗೆ ಯಾರೂ ಉಳಿಯುವುದಿಲ್ಲ ಎಂದರು.

ಅವನು ತಾನಾಗಿಯೇ ಎದ್ದು, ದಿಕ್ಕು ಹೇಳಿ, ಒಂದು ಬಾಗಿಲು ದಾಟಿ ಬರಬೇಕಿತ್ತು. ಅವನಿಗೆ ಗುರುತಿದ್ದ ಬಾಗಿಲುಗಳಿದ್ದದ್ದು ಮನೆಯಲ್ಲಿ. ಮಧ್ಯಾಹ್ನ ಅವನನ್ನು ಮನೆಗೇ ಒಯ್ದು ಮಲಗುವ ಕೋಣೆಯಲ್ಲಿ, ಪಡಸಾಲೆಯ ಬಾಗಿಲಿಗೆ ಎದುರಾಗಿ ಕುರ್ಚಿಯಲ್ಲಿ ಕೂರಿಸಿದರು. ನದಾಫರು ಔಷಧದ ಪೆಟ್ಟಿಗೆ ಹಿಡಿದು ಜೊತೆಗೇ ಬಂದರು.

*

ವೈನಿ ಗಂಡನ ಕೈ ಹಿಡಿದು ಕುಳಿತಳು. ಅವನು ಆ ಕೈಯನ್ನು ಹಿಡಿದುಕೊಳ್ಳಲೂ ಇಲ್ಲ, ಬಿಡಿಸಿಕೊಳ್ಳಲೂ ಇಲ್ಲ. ಬೆಳಗಿನಿಂದ ಒಂದು ಗುಟುಕು ನೀರು ಅವನ ಗಂಟಲಲ್ಲಿ ಇಳಿದಿರಲಿಲ್ಲ. ಗ್ಲೂಕೋಸ್ ಸೂಜಿಯನ್ನು ಎರಡು ಸಲ ಕಿತ್ತು ಎಸೆದಿದ್ದ.

ನೀಲಾ ಲ್ಯಾಪ್‌ಟಾಪ್ ತೆರೆದು ಸೊನ್ನೆ ನಂಬರಿನಲ್ಲಿ ಏನೇನಿದೆ ಎಂದು ಕೇಳಿದಳು. ಪರದೆಯ ಮೇಲೆ ಒಂದೊಂದೇ ಬಂದವು. ಗುಜರಿಗೆ ಹಾಕಿದ ಸೈಕಲ್ಲು. ಹಳೆಯ ಮಿಕ್ಸರ್. ಲಾರಿಗೆ ಸಿಕ್ಕಿ ಸತ್ತ ನಾಯಿ ರಾಜಾ. ಹೋದ ಕಾರ್ತಿಕದಲ್ಲಿ ತೀರಿಕೊಂಡ ಅಪ್ಪ. ಎಲ್ಲಕ್ಕಿಂತ ಕೆಳಗೆ ಅವಳದೇ ಹೆಸರು. ಐದು ವಾರ ಅವಳ ಮುಖವನ್ನು ಕಾಣದ ಕ್ಯಾಮೆರಾ ಅವಳನ್ನೂ ಅಲ್ಲಿಗೆ ಕಳಿಸಿತ್ತು. ಅಣ್ಣ ತನ್ನೊಬ್ಬಳ ದನಿಗೇ ಏಕೆ ತಿರುಗುತ್ತಾನೆ ಎಂದು ಆಗ ತಿಳಿಯಿತು. ಆ ಹೆಸರನ್ನು ನೋಡುತ್ತ ಅವಳು ತನಗರಿವಿಲ್ಲದೆ ತನ್ನ ಮಣಿಕಟ್ಟನ್ನು ಮುಟ್ಟಿ ನಾಡಿ ನೋಡಿಕೊಂಡಳು.

ಅವರು ಯಾರ ಜೊತೆ ಅದಾರಂತ ಕೇಳು ಎಂದು ವೈನಿ ಪಿಸುಗುಟ್ಟಿದಳು. ನೀಲಾ ಕೇಳಿದಳು.

"ಅಪ್ಪ ಅದಾರ," ಎಂದ ಗುರುಪಾದ. "ಮೂಲ್ಯಾಗ ಕುಂತಾರ. ಮಾತಾಡವಲ್ರು. ರಾಜಾ ಅವರ ಕಾಲಾಗ ಮಲಗೇತಿ. ಅಪ್ಪ ಸತ್ತಾರ ಅನ್ನೂದು ನನಗ ಗೊತ್ತೈತಿ, ನೀಲಾ. ಹೆಣಕ್ಕ ಹೆಗಲ ಕೊಟ್ಟಂವಾ ನಾನು. ಸತ್ತವರು ಎಲ್ಲಿರ್ತಾರ ಅನ್ನೂದು ಈಗ ಗೊತ್ತಾತು."

ವೈನಿಯ ಕೈ ಬಾಯಿಗೆ ಹೋಯಿತು. ಅತ್ತೆಯವರೂ ಇದ್ದಾರೇನು ಕೇಳು ಎಂದಳು. ಅವಳಿಗೆ ಅದು ಸಹಜವಾಗಿ ಬಂದ ಮಾತು. ನೀಲಾಳಿಗೂ ತಡೆಯಬೇಕೆಂದು ಹೊಳೆಯಲಿಲ್ಲ. ಅವ್ವ ತೀರಿಕೊಂಡು ಇಪ್ಪತ್ತೆರಡು ವರ್ಷವಾಗಿತ್ತು. ಯಂತ್ರ ಅವಳನ್ನು ಕಂಡೇ ಇರಲಿಲ್ಲ. ಗುರುಪಾದ ಕತ್ತು ಹೊರಳಿಸಿ ಬಹಳ ಹೊತ್ತು ಹುಡುಕಿದ. ಅವನ ಉಸಿರು ಜೋರಾಯಿತು.

"ಅವ್ವ ಇಲ್ಲ. ಇಲ್ಲಿ ಇಲ್ಲಂದ್ರ ಎಲ್ಲಿ ಹೋದಳು?" ಎಂದ. ಕಿವಿಗೊಟ್ಟು ಕೇಳಿದ. "ಉತ್ತರಕ್ಕ ದಾರಿ ಐತಿ ಅಂತ ಹೇಳಾಕತ್ತೈತಿ. ಮುಂಜಾನಿಯಿಂದ ಹೇಳಾಕತ್ತೈತಿ. ಅಪ್ಪನ್ನ ಬಿಟ್ಟು ಹೆಂಗ ಹೋಗ್ಲಿ ಅಂತ ಕುಂತಿದ್ದೆ. ಈಗ ಹೋಗಿ ನೋಡ್ತೀನಿ."

ಸೊನ್ನೆ ನಂಬರಿಗೆ ಬಾಗಿಲುಗಳಿಲ್ಲ. ಅಣ್ಣ ಬರೆದ ಉಪಕರಣ ಬಾಗಿಲ ಅಂಕಿಗಳನ್ನು ಒಂದನೇ ಕೋಣೆಯಿಂದಷ್ಟೇ ಬರೆಯುತ್ತದೆ. ಹಾಗಾದರೆ ಈ ಉತ್ತರ ಎಲ್ಲಿಂದ ಬಂತು?

ಅವಳು ಕಡತವನ್ನು ಬರಿಯ ಅಂಕಿಗಳಾಗಿ ತೆರೆದಳು. ಹುಡುಗಿಯಾಗಿದ್ದಾಗ ಅಣ್ಣನ ಪಕ್ಕ ಕುಳಿತು ಹಾಗೇ ನೋಡುತ್ತಿದ್ದಳು, ಒಂದು ಸಾಲಿಗೆ ಹದಿನಾರು ಅಂಕಿ. ಬಾಗಿಲುಗಳ ಪಟ್ಟಿಯಲ್ಲಿ ಒಂದನೇ ಕೋಣೆಯ ನಾಲ್ಕು ಅಂಕಿ ಸಿಕ್ಕವು. ಸೊನ್ನೆ ನಂಬರಿನ ಬಾಗಿಲು ಕೇಳಿದಾಗ ಪ್ರೋಗ್ರಾಮು ಅದಕ್ಕೂ ಹಿಂದಿನ ನಾಲ್ಕು ಅಂಕಿಗಳನ್ನು ಓದುತ್ತದೆ. ಅಲ್ಲಿ 71, 78, 72, 66 ಎಂದಿತ್ತು. ಅವು ಬಾಗಿಲುಗಳಲ್ಲ, ಕಂಪ್ಯೂಟರ್ ಅಂಕಿಯಾಗಿ ಬರೆದಿಟ್ಟ ಇಂಗ್ಲಿಷ್ ಅಕ್ಷರಗಳು: ಜಿ, ಎನ್, ಎಚ್, ಬಿ. ಗುರುಪಾದ, ನೀಲಾ, ಹುಬ್ಬಳ್ಳಿ. ಆಗ ಆಟ ಕಟ್ಟುತ್ತಿದ್ದವರೆಲ್ಲ ಕಡತದ ತಲೆಯಲ್ಲಿ ಎಲ್ಲೋ ಒಂದು ಕಡೆ ತಮ್ಮ ಗುರುತು ಬಿಡುತ್ತಿದ್ದರು. ಅಣ್ಣ ತಂಗಿಯರ ಸಹಿಯೇ ಆ ಕೋಣೆಯ ನಾಲ್ಕು ದಾರಿಗಳಾಗಿತ್ತು.

ಉತ್ತರಕ್ಕೆ ಎಪ್ಪತ್ತೊಂದನೇ ಕೋಣೆ. ಗುರುಪಾದನ ನಕ್ಷೆಯಲ್ಲಿದ್ದದ್ದು, ಮನೆ, ಓಣಿ, ಕಿರಾಣಿ ಅಂಗಡಿ, ಆಸ್ಪತ್ರೆ ಎಲ್ಲ ಸೇರಿ ಮೂವತ್ತೆಂಟು. ಎಪ್ಪತ್ತೊಂದರ ಮಾದರಿ ಅವನ ಮೆದುಳಿಗೆ ಎಂದೂ ಹೋಗಿರಲಿಲ್ಲ. ಹೋದರೆ ಅದು ಸೆಳವಾಗಬಹುದು. ಇಲ್ಲವೇ ಮೌನದ ಹಾಗೆ ಅದೂ ಒಂದು ಜಾಗವಾಗಬಹುದು. ಅಲ್ಲಿಂದ ಮುಂದಿನ ದಾರಿಯನ್ನು ಪ್ರೋಗ್ರಾಮು ಯಾವುದೋ ಹಾಳು ಅಂಕಿಯಿಂದ ಓದುತ್ತದೆ. ಅಲ್ಲಿ ನೀಲಾ ಇರುವುದಿಲ್ಲ. ಅವಳ ದನಿ ತಲುಪುವುದಿಲ್ಲ.

ಗುರುಪಾದ ಕುರ್ಚಿಯ ತೋಳುಗಳ ಮೇಲೆ ಕೈಯೂರಿ ಎದ್ದು ನಿಂತ. ನದಾಫರು ಸೂಜಿಗೆ ಔಷಧ ಎಳೆದುಕೊಂಡರು. ಹಿಡಿದು ಕೂರಿಸಬಹುದಿತ್ತು. ಆದರೆ ಹೋಗಲು ಅವನ ಕಾಲು ಬೇಕಿರಲಿಲ್ಲ. ಬಾಯಿಂದ ಒಂದು ಶಬ್ದ ಬಂದರೆ ಸಾಕಿತ್ತು.

"ತಡಿ ಅಣ್ಣಾ," ಎಂದಳು ನೀಲಾ. "ನಾನೂ ಬರ್ತೀನಿ. ನನ್ನ ಬಿಟ್ಟು ಹೋಗ್ತೀ ಏನು?"

ಅವನು ನಿಂತ. ಸಣ್ಣವಳಿದ್ದಾಗ ಅವಳು ಇದೇ ಮಾತು ಹೇಳಿ ಅವನ ಸೈಕಲ್ಲಿನ ಹಿಂದೆ ಓಡುತ್ತಿದ್ದಳು. ಹಂಗಾರ ಬಾ ಎಂದ. ಅಪ್ಪನ್ನೂ ಎಬ್ಬಿಸುತ್ತೇನೆ, ಮೂವರೂ ಹೋಗೋಣ ಎಂದ.

ನೀಲಾ ಲ್ಯಾಪ್‌ಟಾಪಿನ ಕೀಲಿಮಣೆಗೆ ಬಗ್ಗಿದಳು. 71 ಅಳಿಸಿ 1 ಎಂದು ಬರೆದಳು. ಒಂದು ಅಂದರೆ ಪಡಸಾಲೆ. ಇನ್ನು ಉತ್ತರ ಎಂದರೆ ಅವನು ಬಾಗಿಲು ದಾಟಿ ಮನೆಗೇ ಬರುತ್ತಾನೆ. ಉಸಿರು ಬಿಡುವಷ್ಟರಲ್ಲಿ ಅವಳ ಕಣ್ಣು ಸೊನ್ನೆಯಲ್ಲಿರುವವರ ಪಟ್ಟಿಯ ಮೇಲೆ ಬಿತ್ತು. ಮನುಷ್ಯರಿಗೆಲ್ಲ ಪ್ರೋಗ್ರಾಮು ಐವತ್ತರ ಭಾರ ಕೊಡುತ್ತದೆ. ಅವಳದು ಐವತ್ತು, ಅಪ್ಪನದು ಐವತ್ತು. ಒಟ್ಟು ನೂರು. ಇಬ್ಬರನ್ನೂ ಅವನು ಹೊತ್ತುಕೊಂಡು ಬರಬಲ್ಲ.

ಬಂದರೆ ಅಪ್ಪ ಎಲ್ಲ ಕೋಣೆಯಲ್ಲೂ ಅವನ ಕೈಯಲ್ಲೇ ಇರುತ್ತಾರೆ. ಊಟಕ್ಕೆ ಕೂತಾಗ, ಬಚ್ಚಲಲ್ಲಿ, ಹಾಸಿಗೆಯಲ್ಲಿ, ಕಿವಿಯ ಯಂತ್ರ ಅಪ್ಪ ನಿನ್ನ ಜೊತೆ ಇದ್ದಾರೆ ಎನ್ನುತ್ತಲೇ ಇರುತ್ತದೆ. ನದಾಫರಿಗೂ ಅದು ಹೊಳೆದಿತ್ತು. ಅವರು ಬೇಡ ಎಂದು ತಲೆಯಾಡಿಸಿದರು.

"ಬಂದ್ರ ಬರ್ಲಿ ಬಿಡು," ಎಂದಳು ವೈನಿ. "ಹೆಂಗೂ ಮನ್ಯಾಗ ಇದ್ದವ್ರು. ಇವ್ರು ತಿರುಗಿ ಬಂದ್ರ ಸಾಕು ನನಗ."

ನೀಲಾ ಅಪ್ಪನ ಹೆಸರಿನ ಎದುರಿಗೆ 255 ಎಂದು ಬರೆದಳು.

ಗುರುಪಾದ ಎರಡು ಹೆಜ್ಜೆ ಇಟ್ಟು ಕೋಣೆಯ ಮೂಲೆಗೆ ಹೋದ. ಅಲ್ಲಿ ಮಡಿಸಿಟ್ಟ ಚಾಪೆ ಬಿಟ್ಟರೆ ಏನೂ ಇರಲಿಲ್ಲ. ಅಪ್ಪಾ ಏಳ್ರಿ ಎಂದ. ಬಗ್ಗಿ, ಬರಿಯ ಗಾಳಿಯ ಕೆಳಗೆ ಎರಡೂ ತೋಳು ತೂರಿಸಿ ಎತ್ತಲು ನೋಡಿದ. ಕತ್ತಿನ ನರ ಉಬ್ಬಿದವು, ಹಣೆಯಲ್ಲಿ ಬೆವರೊಡೆಯಿತು. ಇಲ್ಲದವನನ್ನು ಎತ್ತಲಾಗದೆ ಅವನ ತೋಳು ನಿಜವಾಗಿ ನಡುಗುತ್ತಿದ್ದವು. ಮೂರು ಸಲ ನೋಡಿದ. ಮೂರನೆಯ ಸಲ ವೈನಿ ಮುಖ ತಿರುಗಿಸಿಕೊಂಡಳು. ನೀಲಾ ತಿರುಗಿಸಿಕೊಳ್ಳಲಿಲ್ಲ; ಕೈ ಚಾಚಿ, ನನ್ನನ್ನಷ್ಟೇ ಕರೆದುಕೊಂಡು ಹೋಗು ಅಣ್ಣಾ ಎಂದಳು.

ಅವನು ಅವಳ ಕೈ ಹಿಡಿದುಕೊಂಡ. ಆ ಕೈ ತಣ್ಣಗೆ, ಒದ್ದೆಯಾಗಿ ಇತ್ತು. ಮೂಲೆಯ ಕಡೆ ಒಮ್ಮೆ ತಿರುಗಿ ನೋಡಿದ.

"ಉತ್ತರ," ಎಂದ.

ಹೊಸ್ತಿಲು ದಾಟುವಾಗ ಅವನ ಮೈಯೆಲ್ಲ ಒಮ್ಮೆ ಅದುರಿತು. ನದಾಫರು ಸೂಜಿ ಎತ್ತಿ ಹಿಡಿದು ಪಕ್ಕದಲ್ಲೇ ನಡೆದರು. ಪಡಸಾಲೆಯಲ್ಲಿ ಅವನು ನಿಂತ. ಕಣ್ಣು ಕಿರಿದು ಮಾಡಿ ಬಿಸಿಲು ನೋಡಿದ, ಗೋಡೆಯ ಗಡಿಯಾರ ನೋಡಿದ, ಹೆಂಡತಿಯನ್ನು ನೋಡಿದ. ಚಹ ಆಗೇತೇನು ಎಂದು ಕೇಳಿದ. ವೈನಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡಿಗೆಮನೆಗೆ ಹೋದಳು. ಅವಳು ಅಳುತ್ತಲೇ ಸಕ್ಕರೆ ಡಬ್ಬಿ ಹುಡುಕುವ ಸದ್ದು ಹೊರಗೆ ಕೇಳುತ್ತಿತ್ತು.

*

ಆ ಸಂಜೆಯೇ ನೀಲಾ ‘ಜಿಗಿ’ಯನ್ನು ಪ್ರೋಗ್ರಾಮಿನಿಂದ ಕಿತ್ತುಹಾಕಿದಳು. ತನ್ನ ಹೆಸರನ್ನು ಸೊನ್ನೆಯಿಂದ ತಂದು ಒಂದನೇ ನಂಬರಿನಲ್ಲಿಟ್ಟಳು. ಕಡತದ ತಲೆಯಲ್ಲಿದ್ದ ಸಹಿಯಲ್ಲಿ ಈಗ ಅಣ್ಣನ ಅಕ್ಷರ ಇರಲಿಲ್ಲ. ಅದನ್ನು ಹಾಗೇ ಬಿಟ್ಟಳು. ಯಂತ್ರವನ್ನು ಯಾವ ಕಾರಣಕ್ಕೂ ಆರಿಸಬಾರದೆಂದು ನದಾಫರು ಆಸ್ಪತ್ರೆಗೆ ಬರೆದು ಕೊಟ್ಟರು. ಬ್ಯಾಟರಿ ಬದಲಿಸುವ ದಿನ ಏನು ಮಾಡುವುದೆಂದು ಇಬ್ಬರೂ ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಹೋದಾಗ ಗುರುಪಾದ ಪಡಸಾಲೆಯಲ್ಲಿ ಕುಳಿತು ಅವಲಕ್ಕಿ ತಿನ್ನುತ್ತಿದ್ದ. ವೈನಿ ಎದುರಿಗೆ ಕುಳಿತು, ಅವನು ನುಂಗುವ ಒಂದೊಂದು ತುತ್ತನ್ನೂ ಕಾಯುತ್ತಿದ್ದಳು. ಹಿಂದಿನ ದಿನದ್ದನ್ನು ಅವನು ಮರೆತಿರಬಹುದು ಎಂದು ನೀಲಾ ಆಸೆಪಟ್ಟಿದ್ದಳು. ಅವನು ತಟ್ಟೆ ಕೆಳಗಿಟ್ಟು ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ತೋಳು ಇನ್ನೂ ನೋಯುತ್ತಿವೆ ಎಂದ.

"ಅಪ್ಪನ್ನ ಎತ್ತಾಕ ಆಗ್ಲಿಲ್ಲ, ನೀಲಾ. ಕಡೀಕ ಬಾಳ ಬಡಕಲಾಗಿದ್ರಲ್ಲ. ಅಷ್ಟು ಭಾರ ಹೆಂಗಾದ್ರು?"

ಅವಳು ತಟ್ಟೆಯನ್ನು ಅವನ ಹತ್ತಿರ ಸರಿಸಿದಳು. ಹೋದ ಕಾರ್ತಿಕದಲ್ಲಿ, ಆಸ್ಪತ್ರೆಗೆ ಸೇರಿಸಿದ ದಿನ, ಅಪ್ಪನನ್ನು ಕಂಕುಳಲ್ಲಿ ಹಿಡಿದು ತೂಕದ ಯಂತ್ರದ ಮೇಲೆ ನಿಲ್ಲಿಸಿದವಳು ಅವಳೇ. ಒಂದೇ ಕೈಯಲ್ಲಿ ಎತ್ತುವಷ್ಟು ಹಗುರಾಗಿದ್ದರು. ಯಂತ್ರದ ಮುಳ್ಳು ತೋರಿಸಿದ್ದು ನಲವತ್ತೊಂದು ಕಿಲೋ ಮುನ್ನೂರು ಗ್ರಾಂ.